ಅಮ್ಮನ ಇನಿಶಿಯಲ್ಲು, ಅಥೆನ್ಸಿನ ಮೆಟ್ಟಿಲು

2025ರ ನವೆಂಬರ್ 1ರ ಬೆಳಗ್ಗೆ ನಾನು, ಅಮ್ಮ ಗ್ರೀಸಿನ ಅಥೆನ್ಸಿನಿಂದ ವಾಪಸ್ ಬಂದೆವು. ಮನೆ ಎದುರಿನ ಪಾರ್ಕಿನಲ್ಲಿ ರಾಜ್ಯೋತ್ಸವದ ಮೈಕ್ ಟೆಸ್ಟಿಂಗ್ ನಡೆಯುತ್ತಿತ್ತು. ಎಂಟು ದಿನದ ಪ್ರವಾಸ, ಅದಕ್ಕೆ ನಾಲ್ಕು ತಿಂಗಳ ತಯಾರಿ. ಆ ನಾಲ್ಕು ತಿಂಗಳಲ್ಲಿ ಅರ್ಧಕ್ಕರ್ಧ ಹೋಗಿದ್ದು ಅಮ್ಮನ ಹೆಸರಿನ ಮುಂದಿರುವ ಎರಡು ಅಕ್ಷರಕ್ಕೆ. ನನ್ನ ಹಾಗೆ ವಯಸ್ಸಾದ ಅಪ್ಪ ಅಮ್ಮನನ್ನು ಕರೆದುಕೊಂಡು ಯುರೋಪಿಗೆ ಹೊರಡುವವರು ಇದ್ದೀರಲ್ಲ, ನಿಮಗೋಸ್ಕರ ಮರೆಯುವ ಮುಂಚೆ ಬರೆಯುತ್ತಿದ್ದೇನೆ.

ಶುರುವಾಗಿದ್ದು ಜೂನ್ ಕೊನೆಯಲ್ಲಿ. ಅಮ್ಮ ಹಾಸನ ಜಿಲ್ಲೆಯ ಹೈಸ್ಕೂಲಿನಲ್ಲಿ ಮೂವತ್ತೊಂದು ವರ್ಷ ಸಮಾಜ ವಿಜ್ಞಾನ ಹೇಳಿಕೊಟ್ಟವಳು. ರಿಟೈರಾಗಿ ಎಂಟು ವರ್ಷವಾಯಿತು. ಕಾಶಿಗೆ ಹೋಗೋಣವಾ ಅಂತ ಕೇಳಿದೆ. "ಕಾಶಿ ಇರಲಿ ಕಣೇ, ಅದಕ್ಕೆ ನಿಮ್ಮ ಚಿಕ್ಕಮ್ಮ ಇದ್ದಾಳೆ. ಪೆರಿಕ್ಲಿಸನ ಕಾಲದ ಅಥೆನ್ಸ್ ಅಂತ ಎಷ್ಟು ಬ್ಯಾಚಿಗೆ ಬೋರ್ಡಿನ ಮೇಲೆ ಬರೆದಿದ್ದೀನಿ. ಒಂದು ಸಲ ನೋಡ್ಕೊಂಡು ಬಂದುಬಿಡೋಣ" ಅಂದಳು. ಡೋರಿಕ್, ಅಯೋನಿಕ್, ಕೊರಿಂಥಿಯನ್ ಕಂಬಗಳ ಚಿತ್ರವನ್ನು ಕಣ್ಣು ಮುಚ್ಚಿ ಬಿಡಿಸುತ್ತಾಳೆ. ಕಂಬ ಮಾತ್ರ ಕಂಡವಳಲ್ಲ.

ಯಾವಾಗ ಹೋಗುವುದು ಅನ್ನುವುದು ಮೊದಲ ಪ್ರಶ್ನೆ. ಜುಲೈ, ಆಗಸ್ಟ್ ಬೇಡವೇ ಬೇಡ. ಬಿಸಿಲು ನಲವತ್ತು ಡಿಗ್ರಿ ಮುಟ್ಟುತ್ತದೆ. 2023ರಿಂದೀಚೆಗೆ ಬೇಸಿಗೆಯಲ್ಲಿ ಬಿಸಿಗಾಳಿ ಬಂದ ದಿನ ಹಳೇ ದೇಗುಲಗಳಿರುವ ಅಕ್ರೊಪೊಲಿಸ್ ಗುಡ್ಡವನ್ನು ಮಧ್ಯಾಹ್ನ ಮುಚ್ಚಿದ್ದೂ ಇದೆ. ದೀಪಾವಳಿ ಬಿಟ್ಟು ಅಮ್ಮ ಹೊರಡುವವಳಲ್ಲ. 2025ರಲ್ಲಿ ಬಲಿಪಾಡ್ಯಮಿ ಬಿದ್ದಿದ್ದು ಅಕ್ಟೋಬರ್ 22ಕ್ಕೆ. ಹಾಗಾಗಿ 24ಕ್ಕೆ ಹೊರಟು 31ಕ್ಕೆ ವಾಪಸ್ ಅಂತ ಗೊತ್ತುಮಾಡಿದೆವು. ದೋಹಾ ಮೇಲೆ ಟಿಕೆಟ್ ಸಿಕ್ಕಿತು, ಒಬ್ಬರಿಗೆ ಹೋಗಿ ಬರಲು 54 ಸಾವಿರ.

ಇಲ್ಲೇ ನಾನು ಮೊದಲ ತಪ್ಪು ಮಾಡಿದ್ದು. ಅಮ್ಮನ ಟಿಕೆಟನ್ನು ಆಧಾರ್ ನೋಡಿಕೊಂಡು ಬುಕ್ ಮಾಡಿದೆ. ನಮ್ಮ ಕಡೆ ಹೆಸರೆಂದರೆ ಮೊದಲು ಊರು, ಆಮೇಲೆ ಅಪ್ಪ, ಕೊನೆಗೆ ನಾವು. ಅಮ್ಮನ ಇನಿಶಿಯಲ್ಲಿನಲ್ಲಿ ಹಾಸನವೂ ಇದೆ, ನಮ್ಮ ತಾತನೂ ಇದ್ದಾರೆ. ಆಧಾರಿನಲ್ಲಿ ಇನಿಶಿಯಲ್ ಹೆಸರಿನ ಹಿಂದೆ ಬಂದಿದೆ. ಬ್ಯಾಂಕ್ ಪಾಸ್‌ಬುಕ್ಕಿನಲ್ಲಿ ಮುಂದೆ. ಪಾಸ್‌ಪೋರ್ಟ್ ಮಾಡಿಸುವಾಗ ಏಜೆಂಟರು ಎರಡನ್ನೂ ಬಿಡಿಸಿ ಸರ್‌ನೇಮ್ ಕಾಲಂನಲ್ಲಿ ಉದ್ದಕ್ಕೆ ತುಂಬಿದ್ದಾರೆ. ಪಿಂಚಣಿ ಆದೇಶದಲ್ಲಿ ಸ್ಪೆಲಿಂಗಿಗೇ ಒಂದು 'ಎಚ್' ಜಾಸ್ತಿ. ಒಬ್ಬ ಅಮ್ಮ, ನಾಲ್ಕು ಹೆಸರು. ಟಿಕೆಟ್ ತಿದ್ದಿಸಲು ಮೂರೂವರೆ ಸಾವಿರ ದಂಡ ಬಿತ್ತು. ದಯವಿಟ್ಟು ಟಿಕೆಟ್, ಹೋಟೆಲ್, ಇನ್ಶೂರೆನ್ಸ್ ಎಲ್ಲವನ್ನೂ ಪಾಸ್‌ಪೋರ್ಟ್ ಎದುರಿಗಿಟ್ಟುಕೊಂಡೇ ಟೈಪ್ ಮಾಡಿ. ನೆನಪಿನಿಂದ ಮಾಡಬೇಡಿ.

ಪಾಸ್‌ಪೋರ್ಟನ್ನೂ ಒಮ್ಮೆ ತೆಗೆದು ನೋಡಿ. ಗ್ರೀಸೂ ಸೇರಿ ಯುರೋಪಿನ ಹಲವು ದೇಶಗಳಿಗೆ ನಡೆಯುವ ಒಂದೇ ವೀಸಾ ಷೆಂಗೆನ್ ವೀಸಾ. ಅದಕ್ಕೆ ಪಾಸ್‌ಪೋರ್ಟ್ ಕಳೆದ ಹತ್ತು ವರ್ಷದೊಳಗೆ ಕೊಟ್ಟಿದ್ದಾಗಿರಬೇಕು. ಆ ದೇಶಗಳಿಂದ ಹೊರಬಿದ್ದ ಮೇಲೂ ಮೂರು ತಿಂಗಳು ಅವಧಿ ಉಳಿದಿರಬೇಕು. ಎರಡು ಪುಟ ಖಾಲಿ ಇರಬೇಕು. ಪ್ರಯಾಣಕ್ಕೆ ಆರು ತಿಂಗಳು ಮುಂಚೆಯೇ ಅರ್ಜಿ ಹಾಕಬಹುದು, ತೀರಾ ತಡವೆಂದರೂ 15 ದಿನ ಮುಂಚೆ ಹಾಕಿರಬೇಕು. ಕಾಗದದ ಮೇಲೆ ಇದೆಲ್ಲ ಸಲೀಸು. ಆದರೆ ಅರ್ಜಿ ಕೊಡಲು ಅಪಾಯಿಂಟ್‌ಮೆಂಟ್ ಸಿಗಬೇಕಲ್ಲ! ಆಗಸ್ಟ್ ಮೊದಲ ವಾರ ಅರ್ಜಿ ತೆಗೆದುಕೊಳ್ಳುವ ವೀಸಾ ಸೆಂಟರಿನ ಸೈಟ್ ತೆಗೆದು ನೋಡಿದರೆ ಬೆಂಗಳೂರಿನಲ್ಲಿ ಒಂದು ಸ್ಲಾಟೂ ಇಲ್ಲ. ದಿನಾ ಬೆಳಗ್ಗೆ ಹಾಲು ಕಾಯಿಸುತ್ತಾ ಒಂದು ಕೈಯಲ್ಲಿ ಫೋನ್ ಒತ್ತುವುದೇ ಕೆಲಸವಾಯಿತು. ಹನ್ನೆರಡನೇ ದಿನ ಸೆಪ್ಟೆಂಬರ್ 11ಕ್ಕೆ ಎರಡು ಸ್ಲಾಟ್ ಅಕ್ಕಪಕ್ಕ ಸಿಕ್ಕಿತು. ಹಾಲು ಉಕ್ಕಿತು. ನಿಮಗೆ ನನ್ನ ಸಲಹೆ, ಹೋಟೆಲ್ ಹುಡುಕುವ ಮುಂಚೆ ಸ್ಲಾಟ್ ಹುಡುಕಿ.

"ಯಾರೋ ಹೇಳಿದ್ರು, ಬೇರೆ ದೇಶದ ಕಡೆಯಿಂದ ಹಾಕಿದ್ರೆ ಬೇಗ ಸಿಗುತ್ತಂತೆ" ಅಂತ ಕಿವಿಯೂದುವವರು ಬೇಕಾದಷ್ಟು ಜನ ಸಿಗುತ್ತಾರೆ. ಕೇಳಬೇಡಿ. ಜಾಸ್ತಿ ದಿನ ಯಾವ ದೇಶದಲ್ಲಿ ಇರುತ್ತೀರೋ ಆ ದೇಶಕ್ಕೇ ಅರ್ಜಿ ಹಾಕಬೇಕು ಅನ್ನುವುದು ನಿಯಮ.

ಕಾಗದಪತ್ರ ಜೋಡಿಸುವ ಕೆಲಸ ನಾನು ಅಂದುಕೊಂಡಷ್ಟು ಕಷ್ಟ ಇರಲಿಲ್ಲ. ನನ್ನದು ಆರು ತಿಂಗಳ ಬ್ಯಾಂಕ್ ಸ್ಟೇಟ್‌ಮೆಂಟ್, ಐಟಿ ರಿಟರ್ನ್ಸ್, ಆಫೀಸಿನಿಂದ ರಜೆ ಪತ್ರ. ಅಮ್ಮನದು ಪಿಂಚಣಿ ಆದೇಶ, ಪಿಂಚಣಿ ಬರುವ ಅಕೌಂಟಿನ ಸ್ಟೇಟ್‌ಮೆಂಟ್, ಜೊತೆಗೆ ಖರ್ಚೆಲ್ಲ ನನ್ನದೇ ಅಂತ ನಾನು ಬರೆದುಕೊಟ್ಟ ಪತ್ರ. ಇನ್ಶೂರೆನ್ಸ್ ಕನಿಷ್ಠ 30,000 ಯೂರೋಗೆ ಇರಲೇಬೇಕು. ಅಮ್ಮನ ಪ್ರೀಮಿಯಂ ನನ್ನದರ ಎರಡರಷ್ಟಾಯಿತು. ಫೋಟೋ 35ಕ್ಕೆ 45 ಮಿಲಿಮೀಟರ್, ಬಿಳಿ ಹಿನ್ನೆಲೆ. ನಾನು ಅಮ್ಮನ ಮಗಳು ಅನ್ನುವುದಕ್ಕೆ ಏನು ಕೊಡುವುದು ಅಂತ ಒಂದು ವಾರ ತಲೆಕೆಡಿಸಿಕೊಂಡಿದ್ದೆ. ಆಮೇಲೆ ನೋಡಿದರೆ ನನ್ನ ಪಾಸ್‌ಪೋರ್ಟಿನ ಕೊನೇ ಪುಟದಲ್ಲೇ ಅಪ್ಪ ಅಮ್ಮನ ಹೆಸರು ಇತ್ತು! ಅದರ ಜೆರಾಕ್ಸ್ ಜೊತೆಗೆ ಜನನ ಪ್ರಮಾಣಪತ್ರವನ್ನೂ ಇಟ್ಟೆ. ದಿನದಿನದ ಪ್ಲಾನ್ ಬರೆದ ಒಂದು ಪುಟದ ಕವರ್ ಲೆಟರ್ ಇರಲಿ. ಭಾಷೆ ಬಣ್ಣ ಕಟ್ಟುವುದು ಬೇಡ. ಯಾವ ದಿನ ಎಲ್ಲಿ, ದುಡ್ಡು ಯಾರದು, ವಾಪಸ್ ಯಾಕೆ ಬರುತ್ತೀರಿ, ಇಷ್ಟೇ.

ಸೆಪ್ಟೆಂಬರ್ 11. ಹತ್ತೂವರೆಯ ಸ್ಲಾಟಿಗೆ ಒಂಬತ್ತೂವರೆಗೇ ವೀಸಾ ಸೆಂಟರಿಗೆ ಹೋಗಿ ಕೂತೆವು. ನನ್ನ ಫೈಲು ಹತ್ತು ನಿಮಿಷದಲ್ಲಿ ಮುಗಿಯಿತು. ಅಮ್ಮನ ಫೈಲು ತೆಗೆದ ಕೌಂಟರಿನ ಹುಡುಗಿ ಪಾಸ್‌ಪೋರ್ಟ್ ನೋಡಿದಳು, ಬ್ಯಾಂಕ್ ಸ್ಟೇಟ್‌ಮೆಂಟ್ ನೋಡಿದಳು, ಮತ್ತೆ ಪಾಸ್‌ಪೋರ್ಟ್ ನೋಡಿದಳು.

"ಮೇಡಂ, ಈ ಅಕೌಂಟ್ ಇವರದೇ ಅಂತ ಹೇಗೆ?"

ಅಮ್ಮ ಇನಿಶಿಯಲ್ ಅಂದರೇನು ಅಂತ ಪಾಠ ಶುರು ಮಾಡಿದಳು. ಹುಡುಗಿ ಕೋಲಾರದವಳಂತೆ, ಅವಳಿಗೂ ಇನಿಶಿಯಲ್ ಇದೆಯಂತೆ. "ನಂಗೆ ಅರ್ಥ ಆಗುತ್ತೆ ಆಂಟಿ. ಆದ್ರೆ ಫೈಲ್ ನೋಡೋರು ನಾವಲ್ಲ" ಅಂದಳು. ಅದು ನಿಜ. ಸೆಂಟರ್ ಅನ್ನುವುದು ಪೋಸ್ಟ್ ಆಫೀಸ್ ಇದ್ದ ಹಾಗೆ, ನಿರ್ಧಾರವೆಲ್ಲ ಎಂಬಸಿಯದು. ಎರಡೂ ಹೆಸರು ಒಬ್ಬರದೇ ಅಂತ ಅಫಿಡವಿಟ್ ತಂದರೆ ಮಧ್ಯಾಹ್ನ ಮೂರರ ತನಕ ತೆಗೆದುಕೊಳ್ಳುತ್ತೇವೆ, ಇಲ್ಲದಿದ್ದರೆ ಹೊಸ ಅಪಾಯಿಂಟ್‌ಮೆಂಟ್ ಅಂದರು. ಹೊಸ ಅಪಾಯಿಂಟ್‌ಮೆಂಟ್ ಅಂದರೆ ಇನ್ನೊಂದು ಸಲ ಹಾಲು ಉಕ್ಕಬೇಕು.

ಆಟೋ ಹತ್ತಿ ಸಿಟಿ ಸಿವಿಲ್ ಕೋರ್ಟ್ ಕಡೆ ಓಡಿದೆವು. ಅಲ್ಲಿ ನೋಟರಿಗಳಿಗೇನೂ ಬರವಿಲ್ಲ. ಒಂದು ಜೆರಾಕ್ಸ್ ಅಂಗಡಿ, ಅದರೊಳಗೆ ಒಂದು ಕಂಪ್ಯೂಟರ್, ಕಂಪ್ಯೂಟರಿನ ಮುಂದೆ ಬಾಯಲ್ಲಿ ಎಲೆಅಡಿಕೆ ತುಂಬಿಕೊಂಡ ಟೈಪಿಸ್ಟು. 'ಒನ್ ಅಂಡ್ ದ ಸೇಮ್ ಪರ್ಸನ್' ಅಂತ ಅವರ ಹತ್ತಿರ ರೆಡಿ ಫಾರ್ಮ್ಯಾಟೇ ಇದೆ. ಅಂದರೆ ಈ ಊರಲ್ಲಿ ಎಷ್ಟು ಜನ ಇನಿಶಿಯಲ್ಲಿನವರು ಇಲ್ಲಿ ಬಂದು ನಿಂತಿರಬೇಡ! ಸ್ಟ್ಯಾಂಪ್ ಪೇಪರಿನ ಮೇಲೆ ಪ್ರಿಂಟ್ ಬಂತು. ವಕೀಲರು ಸೀಲು ಎತ್ತಿದರು. ಅಮ್ಮ "ಒಂದ್ನಿಮಿಷ" ಅಂತ ಅವರ ಕೈ ತಡೆದು, ಕನ್ನಡಕ ಹಾಕಿಕೊಂಡು, ಬ್ಯಾಗಿನಿಂದ ಕೆಂಪು ಪೆನ್ನು ತೆಗೆದಳು. ಟೈಪಿಸ್ಟ್ ಅವಳ ಹೆಸರಿಗೆ ಐದನೇ ಸ್ಪೆಲಿಂಗ್ ಹುಟ್ಟಿಸಿಬಿಟ್ಟಿದ್ದ. ಹೊಸ ಸ್ಟ್ಯಾಂಪ್ ಪೇಪರ್, ಹೊಸ ಪ್ರಿಂಟ್, ಮತ್ತೆ ನೋಟರಿ. ಎಲ್ಲ ಸೇರಿ ಎಂಟುನೂರು ರೂಪಾಯಿ. ನಿಮ್ಮ ಮನೆಯಲ್ಲೂ ಇಂಥ ಹೆಸರಿದ್ದರೆ ಈ ಅಫಿಡವಿಟ್ಟನ್ನು ಮೊದಲೇ ಮಾಡಿಸಿ. ಎಲ್ಲ ದಾಖಲೆಯಲ್ಲಿರುವ ಎಲ್ಲ ರೂಪವನ್ನೂ ಅದರಲ್ಲಿ ಬರೆಸಿ. ಬ್ಯಾಂಕಿನಲ್ಲಿ ಹೆಸರು ಬದಲಾಯಿಸಲು ಮಾತ್ರ ಈಗ ಕೈ ಹಾಕಬೇಡಿ. ಪಿಂಚಣಿ ಆದೇಶದ ಜೊತೆ ತಾಳೆಯಾಗದೆ ಅದು ಬೇರೆಯೇ ತಲೆನೋವಾದೀತು.

ಮಧ್ಯಾಹ್ನ ಎರಡೂಕಾಲಿಗೆ ಸೆಂಟರಿಗೆ ವಾಪಸ್. ಆಮೇಲೆ ಬೆರಳಚ್ಚು. ನನ್ನದು ತಕ್ಷಣ ಬಂತು. ಅಮ್ಮನ ಬಲಗೈ ಬರಲೇ ಇಲ್ಲ. ಯಂತ್ರ ಪ್ರತಿ ಸಲ ಕೆಂಪು ತೋರಿಸುತ್ತಿತ್ತು. ಒದ್ದೆ ಟಿಶ್ಯೂ ಕೊಟ್ಟರು, ಕ್ರೀಮ್ ಕೊಟ್ಟರು, ಬೆರಳ ಮೇಲೆ ಬೆರಳಿಟ್ಟು ಒತ್ತಿದರು. ಹೆಬ್ಬೆರಳು, ತೋರುಬೆರಳು ಎರಡೂ ನುಣ್ಣಗೆ ಸವೆದಿವೆ. "ಚಾಕ್‌ಪೀಸ್ ಹಿಡಿದೂ ಹಿಡಿದೂ ಹೀಗಾಗಿದೆಯಪ್ಪ" ಅಂತ ಅಮ್ಮ ಯಂತ್ರದ ಹತ್ತಿರ ಇದ್ದ ಹುಡುಗನಿಗೆ ಸಮಾಧಾನ ಹೇಳುತ್ತಿದ್ದಳು. ಏಳನೇ ಸಲಕ್ಕೆ ಹಸಿರು ಬಂತು. ವಯಸ್ಸಾದವರಿಗೆ ಹಿಂದಿನ ಎರಡು ಮೂರು ರಾತ್ರಿ ಕೈಗೆ ಕೊಬ್ಬರಿ ಎಣ್ಣೆ ಹಚ್ಚಿ ಮಲಗಿಸಿ, ಬೆಳಗ್ಗೆ ಸೋಪಿನಲ್ಲಿ ತೊಳೆಸಿ ಕರೆದುಕೊಂಡು ಹೋಗಿ. ಒಮ್ಮೆ ಕೊಟ್ಟ ಬೆರಳಚ್ಚು 59 ತಿಂಗಳು ನಡೆಯುತ್ತದೆ ಅನ್ನುವುದೊಂದು ಸಮಾಧಾನ.

ವೀಸಾ ಶುಲ್ಕ ದೊಡ್ಡವರಿಗೆ 90 ಯೂರೋ. ಆಗ ಯೂರೋ ನೂರು ರೂಪಾಯಿ ದಾಟಿತ್ತು. ಸರ್ವಿಸ್ ಚಾರ್ಜ್, ಕೊರಿಯರ್ ಎಲ್ಲ ಸೇರಿ ಇಬ್ಬರಿಗೆ 22 ಸಾವಿರದ ಹತ್ತಿರ ಬಂತು. ವೀಸಾ ಸಿಗದಿದ್ದರೂ ಇದು ವಾಪಸ್ ಬರುವುದಿಲ್ಲ.

ಆಮೇಲೆ ಕಾಯುವುದು. 15 ದಿನದಲ್ಲಿ ತೀರ್ಮಾನ ಆಗಬೇಕು, ಬೇಕೆನಿಸಿದರೆ 45 ದಿನದವರೆಗೂ ಎಳೆಯಬಹುದು. ಹದಿನಾರನೇ ದಿನದಿಂದ ನನಗೆ ನಿದ್ದೆ ಇಲ್ಲ. ಟ್ರ್ಯಾಕಿಂಗಿನಲ್ಲಿ ಅದೇ ಒಂದು ಸಾಲು. ಅಮ್ಮ ಮಾತ್ರ ಆರಾಮಾಗಿ ಗೊಂಬೆ ಕೂರಿಸುತ್ತಿದ್ದಳು. ಕೊನೆಗೆ ಸೆಪ್ಟೆಂಬರ್ 30ಕ್ಕೆ, ಆಯುಧಪೂಜೆಯ ಹಿಂದಿನ ದಿನ, ಕೊರಿಯರ್ ಬಂತು. ಎರಡು ಕವರ್. ಮೊದಲು ಅಮ್ಮನದನ್ನೇ ಹರಿದೆ. ವೀಸಾ ಸ್ಟಿಕ್ಕರ್ ಇತ್ತು! ನನ್ನದರಲ್ಲೂ ಇತ್ತು. ಮಾರನೇ ದಿನ ನೋಡಿದರೆ ಅಮ್ಮ ಸ್ಕೂಟರ್ ಕೀ, ಈಳಿಗೆಮಣೆ ಜೊತೆ ಎರಡು ಪಾಸ್‌ಪೋರ್ಟನ್ನೂ ದೇವರ ಮುಂದೆ ಇಟ್ಟಿದ್ದಾಳೆ. ಕುಂಕುಮದ ಬಟ್ಟಲು ಕೈಯಲ್ಲಿದೆ. ಓಡಿಹೋಗಿ ಕಿತ್ತುಕೊಂಡೆ. ಹೂವಿಗೆ ಒಪ್ಪಿಸಿದೆ.

ಸ್ಟಿಕ್ಕರ್ ಬಂದ ತಕ್ಷಣ ಹೆಸರು, ತಾರೀಖು, ಎಷ್ಟು ದಿನ ಇರಬಹುದು, ಎಷ್ಟು ಸಲ ಒಳಗೆ ಹೋಗಬಹುದು, ನಾಲ್ಕನ್ನೂ ನೋಡಿ. ಸ್ಟಿಕ್ಕರಿನ ಮೇಲೆ ತಾರೀಖಿನ ಅವಧಿ ಉದ್ದ ಇದ್ದರೂ ಇರಬಹುದಾದ ದಿನಗಳ ಲೆಕ್ಕ ಬೇರೆ.

ಅಕ್ರೊಪೊಲಿಸ್ ಟಿಕೆಟನ್ನು ವೀಸಾ ಬಂದ ಮೇಲೇ ತೆಗೆದುಕೊಂಡೆ. ಈಗ ಒಬ್ಬರಿಗೆ 30 ಯೂರೋ. ಮೊದಲು ಇದೇ ದುಡ್ಡಿಗೆ ಊರಿನ ಬೇರೆ ಹಳೇ ಜಾಗಗಳೂ ಸೇರಿದ ಒಂದು ಟಿಕೆಟ್ ಇತ್ತು, 2025ರ ಏಪ್ರಿಲ್‌ನಿಂದ ಅದನ್ನು ನಿಲ್ಲಿಸಿದ್ದಾರೆ. ಹಳೇ ಬರಹ ಓದಿಕೊಂಡು ಅದನ್ನು ಹುಡುಕುತ್ತಾ ನಾನು ಒಂದು ಸಂಜೆ ಹಾಳುಮಾಡಿಕೊಂಡೆ. ದಿನಕ್ಕೆ 20,000 ಜನ ಅಂತ ಮಿತಿ ಇದೆ, ಗಂಟೆ ಗಂಟೆಗೆ ಸ್ಲಾಟ್. ಅಕ್ಟೋಬರ್ 28 ಅವರ ರಾಷ್ಟ್ರೀಯ ಹಬ್ಬ. 1940ರಲ್ಲಿ ಮುಸೊಲಿನಿಯ ಬೆದರಿಕೆಗೆ 'ಓಹಿ', ಅಂದರೆ 'ಇಲ್ಲ' ಅಂದ ದಿನ. ಅವತ್ತು ಪ್ರವೇಶ ಪುಕ್ಕಟೆ. ಪುಕ್ಕಟೆ ಅಂದ ಮೇಲೆ ಜಾತ್ರೆ ಇರುತ್ತದೆ ಅಂತ ನಾವು 26ರ ಭಾನುವಾರ ಬೆಳಗ್ಗೆ ಎಂಟರದ್ದು ತೆಗೆದುಕೊಂಡೆವು. ಗುಡ್ಡದ ಬುಡದಲ್ಲಿರುವ ಮ್ಯೂಸಿಯಂಗೆ ಬೇರೆ ಟಿಕೆಟ್.

ಹೋಟೆಲ್ ಅನ್ನು ಕುಕಾಕಿ ಅನ್ನುವ ಬಡಾವಣೆಯಲ್ಲಿ ಹಿಡಿದೆ. ಹಳೇ ಬಡಾವಣೆ ಪ್ಲಾಕಾ ಚೆಂದ, ಆದರೆ ಮೆಟ್ಟಿಲು ಜಾಸ್ತಿ. ಅಮ್ಮನ ಮಂಡಿ ಲೆಕ್ಕಕ್ಕೆ ಕುಕಾಕಿಯೇ ಸರಿ. ಅಕ್ರೊಪೊಲಿ ಮೆಟ್ರೊ ಸ್ಟೇಷನ್ ಐದು ನಿಮಿಷದ ನಡಿಗೆ. ಒಂದು ವಿಷಯ, ಆನ್‌ಲೈನಿನಲ್ಲಿ ಪೂರ್ತಿ ದುಡ್ಡು ಕಟ್ಟಿದ್ದರೂ ಹೋಟೆಲಿನಲ್ಲಿ ಸರ್ಕಾರದ ತೆರಿಗೆ ಬೇರೆ ಕೊಡಬೇಕು. ಅಕ್ಟೋಬರ್ ಮುಗಿಯುವ ತನಕ ತ್ರೀ ಸ್ಟಾರ್ ರೂಮಿಗೆ ರಾತ್ರಿಗೆ ಐದು ಯೂರೋ.

ಪ್ಯಾಕಿಂಗ್ ದಿನ ಒಂದು ಜಗಳ ಆಯಿತು. ಹೊರಗಿನ ದೇಶದಿಂದ ಹಾಲಿನ ಪದಾರ್ಥ, ಮಾಂಸ ತರಬಾರದು ಅನ್ನುವುದು ಯುರೋಪ್ ಒಕ್ಕೂಟದ ನಿಯಮ. ಅಮ್ಮನ ಬ್ಯಾಗಿನಿಂದ ಅರ್ಧ ಕೇಜಿ ತುಪ್ಪ, ಹಾಲಿನ ಪೇಡ ಹೊರಗೆ ಬಂದವು. ಚಟ್ನಿಪುಡಿ, ಅವಲಕ್ಕಿ, ಕೋಡುಬಳೆ ಉಳಿದುಕೊಂಡವು. ಅಲ್ಲಿ ಸಸ್ಯಾಹಾರಿಗಳಿಗೆ ಉಪವಾಸವೇನೂ ಇಲ್ಲ. ಬಿಳಿ ಬೀನ್ಸ್ ಕಾಳಿನ ಸೂಪ್ ಫಸೊಲಾದ, ಅನ್ನ ತುಂಬಿದ ಟೊಮೆಟೊ ಗೆಮಿಸ್ತಾ, ಸೊಪ್ಪು ಬೇಯಿಸಿ ನಿಂಬೆಹಣ್ಣು ಹಿಂಡಿದ ಹೊರ್ತಾ. ಹೊರ್ತಾ ನೋಡಿ ಅಮ್ಮ "ಇದು ನಮ್ಮ ಬೆರಕೆಸೊಪ್ಪೇ ಕಣೇ" ಅಂದಳು. 'ನಿಸ್ತಿಸಿಮೊ' ಅಂದರೆ ಅವರ ವ್ರತದ ಊಟ, ಮೊಟ್ಟೆ ಹಾಲು ಇರುವುದಿಲ್ಲ. ಆದರೆ ಹುಷಾರು, ಅವರ ವ್ರತಕ್ಕೆ ಸೀಗಡಿ, ಆಕ್ಟೋಪಸ್ ನಡೆಯುತ್ತದೆ!

24ರ ಮಧ್ಯಾಹ್ನ ಇಳಿದೆವು. 2025ರ ಅಕ್ಟೋಬರ್ 12ರಿಂದ ಗಡಿಯಲ್ಲಿ ಫೋಟೊ, ಬೆರಳಚ್ಚು ತೆಗೆಯುವ ಹೊಸ ವ್ಯವಸ್ಥೆ ಹಂತ ಹಂತವಾಗಿ ಶುರುವಾಗಿತ್ತು. ಹಾಗಾಗಿ ಕ್ಯೂ ಉದ್ದ ಇತ್ತು, ಒಂದೂಕಾಲು ಗಂಟೆ ನಿಂತೆವು. ಅಧಿಕಾರಿ ಹೋಟೆಲ್ ಬುಕಿಂಗ್, ವಾಪಸ್ ಟಿಕೆಟ್ ಕೇಳಿದರು. ಪ್ರಿಂಟ್ ಕೈಯಲ್ಲೇ ಇರಲಿ. ಊರೊಳಗೆ ಹೋಗಲು ಮೆಟ್ರೊ 9 ಯೂರೋ, ಊರ ನಡುವಿನ ಸಿಂಟಾಗ್ಮಾ ಸ್ಟೇಷನ್ ತನಕ ಸುಮಾರು ನಲವತ್ತು ನಿಮಿಷ. ಅಲ್ಲಿ ಕೆಂಪು ಲೈನಿಗೆ ಬದಲಾಯಿಸಿದರೆ ಮುಂದಿನದೇ ಅಕ್ರೊಪೊಲಿ. ಮೆಟ್ರೊದಲ್ಲಿ ಜೇಬು ಹುಷಾರು, ಬ್ಯಾಗು ಮುಂದಕ್ಕೆ ಹಾಕಿಕೊಳ್ಳಿ. ಕಾರ್ಡ್ ಮಷೀನ್ ರೂಪಾಯಿಯಲ್ಲಾ ಯೂರೋದಲ್ಲಾ ಅಂತ ಕೇಳಿದರೆ ಯೂರೋ ಒತ್ತಿ, ರೂಪಾಯಿ ಒತ್ತಿದರೆ ಕೈ ಕಚ್ಚುತ್ತದೆ. ಟಾಯ್ಲೆಟ್ ಪೇಪರ್ ಕಮೋಡಿಗೆ ಹಾಕುವಂತಿಲ್ಲ, ಪಕ್ಕದ ಬುಟ್ಟಿಗೆ ಹಾಕಬೇಕು.

ಇಷ್ಟೆಲ್ಲ ಲೆಕ್ಕ ಹಾಕಿದವಳು ಒಂದನ್ನು ಬಿಟ್ಟಿದ್ದೆ. ಅಕ್ಟೋಬರಿನ ಕೊನೇ ಭಾನುವಾರ ಯುರೋಪಿನಲ್ಲಿ ಗಡಿಯಾರ ಒಂದು ಗಂಟೆ ಹಿಂದಕ್ಕೆ ಹೋಗುತ್ತದೆ. ನಮ್ಮ ಟಿಕೆಟ್ ಅದೇ ಭಾನುವಾರದ್ದು! ಅಮ್ಮ ತನ್ನ ಎಚ್‌ಎಂಟಿ ವಾಚ್ ನೋಡಿ ಎಬ್ಬಿಸಿದಳು. ನಾನು ಫೋನ್ ನೋಡಲೂ ಇಲ್ಲ. ಎಂಟಕ್ಕೆ ಹತ್ತು ನಿಮಿಷ ಇದೆ ಅಂತ ಓಡಿದರೆ ದಕ್ಷಿಣದ ಗೇಟಿನಲ್ಲಿ ಬೀಗ. ಏಳು ಬೆಕ್ಕು, ನಾವಿಬ್ಬರು. ಫೋನ್ ತೆಗೆದರೆ ಆರು ಐವತ್ತು. ಒಂದು ಗಂಟೆ ಕಲ್ಲಿನ ಮೇಲೆ ಕೂತು ಕೋಡುಬಳೆ ತಿಂದೆವು. ನಾವು ಬಚಾವ್. ಮಾರ್ಚ್ ಕೊನೇ ಭಾನುವಾರ ಹೋಗುವವರು ಮಾತ್ರ ನೋಡಿಕೊಳ್ಳಿ, ಅವತ್ತು ಒಂದು ಗಂಟೆ ಮುಂದಕ್ಕೆ ಹೋಗುತ್ತದೆ, ಸ್ಲಾಟ್ ತಪ್ಪೀತು.

ನಡೆಯಲು ಕಷ್ಟ ಇರುವವರಿಗೆ ಉತ್ತರದ ಕಡೆ ಲಿಫ್ಟ್ ಇದೆ, ಮುಖ್ಯ ಬಾಗಿಲಿನ ಕಡೆಯಿಂದ ಹೋಗಬೇಕು. ಜೋರು ಗಾಳಿ ಇದ್ದರೆ ನಿಲ್ಲಿಸುತ್ತಾರೆ. ನಾನು ಹೋಟೆಲಿಗೆ ಹತ್ತಿರ ಅಂತ ದಕ್ಷಿಣದ ಗೇಟಿಗೆ ಕರೆತಂದಿದ್ದೆ. ಸುತ್ತಿಕೊಂಡು ಹೋಗೋಣವಾ ಅಂದೆ. "ಸುಮ್ನೆ ನಡಿಯೇ. ಶ್ರವಣಬೆಳಗೊಳಕ್ಕೆ ಎಷ್ಟು ಸಲ ಮಕ್ಕಳನ್ನ ಹತ್ತಿಸಿಲ್ಲ ನಾನು" ಅಂದಳು. ಡಯೊನಿಸಸ್ ನಾಟಕಶಾಲೆಯ ಹತ್ತಿರ ಒಮ್ಮೆ ಕೂತಳು, ಮೇಲೆ ತಿರುವಿನಲ್ಲಿ ಇನ್ನೊಮ್ಮೆ. ಬಾಗಿಲ ಮಂಟಪದ ಅಮೃತಶಿಲೆ ಕಾಲು ತುಳಿದೂ ತುಳಿದೂ ಗಾಜಿನ ಹಾಗೆ ಜಾರುತ್ತದೆ. ಅಮ್ಮನ ಹೊಸ ಶೂ ಹಿಡಿಯಿತು, ನನ್ನ ಚಪ್ಪಲಿ ಹಿಡಿಯಲಿಲ್ಲ. ಎರಡು ಸಲ ಅವಳೇ ನನ್ನನ್ನು ಹಿಡಿದುಕೊಂಡಳು.

ನಮ್ಮ ಅದೃಷ್ಟ ನೋಡಿ. ಗುಡ್ಡದ ಮೇಲಿನ ದೊಡ್ಡ ದೇಗುಲ ಪಾರ್ಥೆನಾನಿನ ಪಶ್ಚಿಮದ ಕಡೆ ವರ್ಷಗಟ್ಟಲೆ ಇದ್ದ ಸಾರುವೆಯನ್ನು ಅದೇ ತಿಂಗಳು ಬಿಚ್ಚಿದ್ದರು, ಸ್ವಲ್ಪ ದಿನ ಬಿಟ್ಟು ಮತ್ತೆ ಹಾಕುತ್ತಾರೆ ಅನ್ನುತ್ತಿದ್ದರು. ಕೊರಿಯರ್ ಬರಲಿಲ್ಲ ಅಂತ ನಾನು ಹಲ್ಲು ಕಡಿಯುತ್ತಿದ್ದ ದಿನಗಳಲ್ಲಿ ಅಲ್ಲಿ ಕಬ್ಬಿಣ ಬಿಚ್ಚುತ್ತಿದ್ದರೋ ಏನೋ. ಬಿಸಿಲು ಆಗಷ್ಟೇ ಕಂಬಗಳ ಮೇಲೆ ಬೀಳುತ್ತಿತ್ತು. ಅಮ್ಮ ಏನೂ ಮಾತಾಡಲಿಲ್ಲ. ಫೋಟೊ ತೆಗೀತೀನಿ ನಿಲ್ಲು ಅಂದರೆ ಕೈ ಎತ್ತಿ ತಡೆದಳು. ತೋರುಬೆರಳು ಚಾಚಿ ತುಟಿಯಲ್ಲೇ ಎಣಿಸತೊಡಗಿದಳು. ಮುಂದಿನ ಸಾಲಿನಲ್ಲಿ ಎಂಟು. ಉತ್ತರದ ಪಕ್ಕಕ್ಕೆ ನಡೆದು ಮತ್ತೆ ಒಂದರಿಂದ ಶುರು. 1687ರಲ್ಲಿ ಒಳಗಿದ್ದ ಮದ್ದಿನ ಉಗ್ರಾಣಕ್ಕೆ ವೆನಿಸಿನವರ ಗುಂಡು ಬಿದ್ದಾಗ ಈ ಪಕ್ಕದ ನಡುಗಂಬಗಳು ಉರುಳಿದ್ದವು. ಇಪ್ಪತ್ತನೇ ಶತಮಾನದಲ್ಲಿ ಅವನ್ನು ಮತ್ತೆ ಎತ್ತಿ ನಿಲ್ಲಿಸಿದ್ದಾರೆ. ಕೊನೇ ಕಂಬದ ಹತ್ತಿರ ಬೆರಳು ನಿಂತಿತು.

"ಹದಿನೇಳು. ಸರಿ ಇದೆ" ಅಂದಳು, ಉತ್ತರಪತ್ರಿಕೆಗೆ ರೈಟ್ ಹಾಕುವ ದನಿಯಲ್ಲಿ. ಆಮೇಲೆ ಬ್ಯಾಗ್ ನನ್ನ ಕೈಗೆ ಕೊಟ್ಟು ದಕ್ಷಿಣದ ಕಡೆಯದನ್ನು ಎಣಿಸಲು ಹೋದಳು.